ನಾಮ್ಚೆ ಬಜಾರಿನಲ್ಲಿ ಬಿಸಿನೀರಿನ ಬೆಲೆ

ಹಿಮಾಲಯವನ್ನು ಕುರಿತು ಕನ್ನಡದಲ್ಲಿ ಬಂದಿರುವ ಪ್ರವಾಸಕಥನಗಳಿಗೆ ಕೊರತೆಯಿಲ್ಲ. ಹಿಮಶಿಖರಗಳ ಮೇಲೆ ಮೂಡುವ ಮುಂಬೆಳಗಿನ ಹೊಂಬಣ್ಣ, ಕಣಿವೆಯ ನೀರವತೆ, ಮಠಗಳ ಗಂಟಾನಾದ, ಇವನ್ನೆಲ್ಲ ನಮಗಿಂತ ಸಮರ್ಥರು ವರ್ಣಿಸಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಅಷ್ಟು ಎತ್ತರದ ವಿಷಯವೇನೂ ಅಲ್ಲ. ಒಂದು ಬಕೆಟ್ ಬಿಸಿನೀರು, ಒಂದು ತಟ್ಟೆ ಅನ್ನ, ತಲೆನೋವಿಗೊಂದು ಗುಳಿಗೆ, ಹೊರೆ ಹೊರುವವನ ಕೂಲಿ. ಪರ್ವತದ ಪೇಟೆಯೊಂದರಲ್ಲಿ ಯಾತ್ರಿಕನಿಗೆ ಒದಗುವ ಇಂಥ ಸಣ್ಣಪುಟ್ಟ ಅನುಕೂಲಗಳ ವಿಷಯ. ಆದರೆ ಮನೆಗೆ ಹಿಂದಿರುಗಿದ ಮೇಲೆ ನಾವು ಹೆಚ್ಚಾಗಿ ಮಾತನಾಡಿಕೊಂಡದ್ದು ಶಿಖರಗಳ ವಿಚಾರವನ್ನಲ್ಲ, ಇವುಗಳ ವಿಚಾರವನ್ನೇ.

2023ರ ಅಕ್ಟೋಬರ್ ತಿಂಗಳಲ್ಲಿ ನಾವು ನಾಲ್ವರು, ಎಂದರೆ ನಾವು ದಂಪತಿಗಳು, ಅಕ್ಕ ಮತ್ತು ಭಾವ, ಕಾಸರಗೋಡಿನಿಂದ ಹೊರಟು ನೇಪಾಳದ ಖುಂಬು ಸೀಮೆಗೆ ಹೋಗಿದ್ದೆವು. ಭಾವ ಶಾಲಾ ಮಾಸ್ತರಿಕೆಯಿಂದ ನಿವೃತ್ತರಾದವರು. ಭೂಗೋಳದ ಪಾಠ ಹೇಳುವಾಗ ಮೂವತ್ತು ವರ್ಷ ಕಾಲ ನಕಾಶೆಯ ಮೇಲೆ ಬೆತ್ತದ ತುದಿಯಿಂದ ತೋರಿಸಿದ್ದ ಎವರೆಸ್ಟನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ಅವರ ಆಸೆ. ನಾವು ಮೂವರೂ ಅವರ ಆಸೆಯ ಬೆನ್ನು ಹಿಡಿದು ಹೊರಟವರು.

ಭಾರತೀಯರಿಗೆ ನೇಪಾಳ ಪ್ರವೇಶಕ್ಕೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಇದ್ದರೆ ಸಾಕು. ಕಾಠ್ಮಂಡುವಿನಿಂದ ಲುಕ್ಲಾಗೆ ಪುಟ್ಟ ವಿಮಾನ. ಯಾತ್ರೆಯ ಭರಾಟೆಯ ತಿಂಗಳುಗಳಲ್ಲಿ ಅದು ಹೆಚ್ಚಾಗಿ ರಾಮೇಛಾಪ್ ಎಂಬಲ್ಲಿಂದ ಹೊರಡುವುದರಿಂದ ನಡುರಾತ್ರಿಯಲ್ಲಿಯೇ ಮೋಟಾರು ಹತ್ತಬೇಕಾಯಿತು. ಲುಕ್ಲಾದ ವಿಮಾನಪಟ್ಟಿಯನ್ನು 1964ರಲ್ಲಿ ಎಡ್ಮಂಡ್ ಹಿಲರಿಯವರ ಮುಂದಾಳುತನದಲ್ಲಿ ನಿರ್ಮಿಸಿದರು. ಉದ್ದ 527 ಮೀಟರ್ ಮಾತ್ರ. ಒಂದು ತುದಿಯಲ್ಲಿ ಬೆಟ್ಟದ ಗೋಡೆ, ಇನ್ನೊಂದು ತುದಿಯಲ್ಲಿ ಪ್ರಪಾತ. ನೀಲಗಿರಿಯ ನಮ್ಮ ಬಂಧುಗಳಿಗೆ ಪರಿಚಿತವಾದ ದೊಡ್ಡಬೆಟ್ಟ 2,637 ಮೀಟರ್ ಎತ್ತರವಿದೆ. ಲುಕ್ಲಾದಲ್ಲಿ ವಿಮಾನದಿಂದ ಕಾಲು ಕೆಳಗಿಡುವಾಗಲೇ ನಾವು ಅದಕ್ಕಿಂತ ಇನ್ನೂರು ಮೀಟರ್ ಮೇಲಿರುತ್ತೇವೆ. ಅಲ್ಲಿಂದ ಮುಂದೆ ಮೋಟಾರು ರಸ್ತೆಯಿಲ್ಲ. ದೂಧ್‌ಕೋಶಿ ನದಿಯ ಗುಂಟ ಎರಡು ದಿನ ನಡೆದು, ಕೊನೆಯ ತೂಗುಸೇತುವೆ ದಾಟಿ, ಸುಮಾರು ಆರುನೂರು ಮೀಟರ್‌ಗಳ ಕಡಿದಾದ ಏರು ಹತ್ತಿದರೆ ನಾಮ್ಚೆ ಬಜಾರ್.

ಕುದುರೆಲಾಳದ ಆಕಾರದ ಬೆಟ್ಟದ ಮಡಿಲಿನಲ್ಲಿ, ನಾಟಕಶಾಲೆಯ ಮೆಟ್ಟಿಲುಗಳಂತೆ ಸಾಲುಸಾಲಾಗಿ ಮನೆಗಳನ್ನು ಕಟ್ಟಿಕೊಂಡಿರುವ ಈ ಊರು 3,440 ಮೀಟರ್ ಎತ್ತರದಲ್ಲಿದೆ. ಶೇರ್ಪಾ ಜನರು ಟಿಬೆಟ್ಟಿನ ಕಡೆಯಿಂದ ಸುಮಾರು ಐದುನೂರು ವರ್ಷಗಳ ಹಿಂದೆ ಖುಂಬುವಿಗೆ ಬಂದು ನೆಲೆಸಿದವರು. 5,700 ಮೀಟರಿಗೂ ಎತ್ತರದ ನಾಂಗ್ಪಾ ಲಾ ಕಣಿವೆಮಾರ್ಗದಿಂದ ಟಿಬೆಟ್ಟಿನ ಉಪ್ಪು, ಉಣ್ಣೆ ಇಳಿದು ಬರುತ್ತಿದ್ದವು. ಕೆಳಗಿನ ಬೆಟ್ಟಸೀಮೆಗಳಿಂದ ಧಾನ್ಯ ಏರಿ ಹೋಗುತ್ತಿತ್ತು. ನಡುವೆ ನಿಂತು ಎರಡು ಕಡೆಯವರ ಭಾಷೆಯನ್ನೂ ಆಡಬಲ್ಲವರು ನಾಮ್ಚೆಯ ವ್ಯಾಪಾರಿಗಳು. 1959ರ ಬಳಿಕ ಗಡಿ ಬಿಗಿಯಾಗಿ ಆ ವ್ಯಾಪಾರ ಸೊರಗಿತು. ಊರು ಹಾಳು ಬೀಳಬಹುದಿತ್ತು. ಬೀಳಲಿಲ್ಲ. ಉಪ್ಪಿನ ಹೇರು ಬರುತ್ತಿದ್ದ ದಾರಿಯಲ್ಲಿ ಯಾತ್ರಿಕರು ಬರತೊಡಗಿದಾಗ, ತಲೆಮಾರುಗಳಿಂದ ಪರಊರಿನವರಿಗೆ ಜಾಗ ಕೊಟ್ಟು, ಒಲೆಯ ಪಕ್ಕ ಕೂರಿಸಿ, ಅಳೆದು ತೂಗಿ ಮಾತಾಡಿ ಬಲ್ಲ ಈ ಜನ ಅದೇ ವಿದ್ಯೆಯನ್ನು ಹೊಸ ಕಸುಬಿಗೆ ತಿರುಗಿಸಿಕೊಂಡರು.

ನಾವು ತಂಗಿದ್ದ ವಸತಿಗೃಹದ ಒಡತಿಯನ್ನು ಎಲ್ಲರೂ ದೀದಿ ಎಂದೇ ಕರೆಯುತ್ತಿದ್ದರು. ಆಕೆ ಅತ್ತೆಯೊಡನೆ ಶೇರ್ಪಾ ಭಾಷೆ, ಹೊರೆಯಾಳುಗಳೊಡನೆ ನೇಪಾಳಿ, ಬಿಳಿಯರೊಡನೆ ಇಂಗ್ಲಿಷ್, ನಮ್ಮೊಡನೆ ಹಿಂದಿ, ಇಷ್ಟನ್ನೂ ಚಹಾ ಸೋಸುತ್ತ ಆಡುತ್ತಿದ್ದರು. ಅಕ್ಕ ನಕ್ಕು, “ಇವರು ನಮ್ಮ ಕಡೆಯವರೇ” ಎಂದಳು. ಮನೆಯಲ್ಲೊಂದು, ಪೇಟೆಯಲ್ಲೊಂದು, ಕಚೇರಿಯಲ್ಲೊಂದು ನುಡಿಯಾಡಿ 1956ರಿಂದ ಬದುಕುತ್ತಿರುವ ನಮ್ಮಂಥವರಿಗೆ ಆ ಅಡುಗೆಮನೆ ಅಪರಿಚಿತವೆನಿಸಲಿಲ್ಲ.

ಇನ್ನು ಸೌಕರ್ಯಗಳ ಮಾತು. ನಾಮ್ಚೆಯಲ್ಲಿ ಇಂದು ಬ್ಯಾಂಕು ಇದೆ, ಹಣ ತೆಗೆಯುವ ಯಂತ್ರವಿದೆ, ಔಷಧದ ಅಂಗಡಿಗಳಿವೆ, ಹಲ್ಲಿನ ಚಿಕಿತ್ಸಾಲಯವಿದೆ, ಅಂಚೆಯಿದೆ, ರೊಟ್ಟಿ ಬಿಸ್ಕತ್ತು ಸುಡುವ ಬೇಕರಿಗಳಿವೆ. ಉಣ್ಣೆಯ ಟೊಪ್ಪಿಯಿಂದ ಹಿಡಿದು ಹಿಮದ ಮೇಲೆ ನಡೆಯುವ ಮುಳ್ಳುಪಟ್ಟಿಯವರೆಗೆ ಸಕಲ ಸಾಮಗ್ರಿ ಮಾರುವ, ಕೆಲವನ್ನು ಬಾಡಿಗೆಗೂ ಕೊಡುವ ಅಂಗಡಿಗಳು ಸಾಲಾಗಿವೆ. ಶನಿವಾರದ ಸಂತೆ ಹಳೆಯ ಕಾಲದಿಂದ ಪ್ರಸಿದ್ಧ. ಥಾಮೆಯ ಬಳಿಯ ಕಿರು ಜಲವಿದ್ಯುದಾಗಾರದಿಂದ 1990ರ ದಶಕದಲ್ಲಿ ಊರಿಗೆ ವಿದ್ಯುತ್ತು ಹರಿದು ಬಂದಿತು. ಆದರೆ ಹೊಸದಾಗಿ ಬಂದವನಿಗೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ ದರಪಟ್ಟಿ. ಸ್ನಾನದ ಬಿಸಿನೀರಿಗೆ ಬೇರೆ ದರ, ಫೋನಿಗೆ ವಿದ್ಯುತ್ತು ತುಂಬಿಸಲು ಬೇರೆ ದರ, ಕುದಿಸಿದ ಕುಡಿಯುವ ನೀರಿಗೂ ದರ. ಕೊಠಡಿಯ ಬಾಡಿಗೆ ಮಾತ್ರ ಕಡಿಮೆ. ಅದಕ್ಕೆ ಪ್ರತಿಯಾಗಿ ಊಟವನ್ನು ಅಲ್ಲಿಯೇ ಮಾಡಬೇಕೆಂಬುದು ಆ ನಾಡಿನ ರೂಢಿ.

ಮೊದಲ ದಿನ ಅಕ್ಕನಿಗೆ ಈ ಪಟ್ಟಿ ಅಷ್ಟಾಗಿ ರುಚಿಸಲಿಲ್ಲ. “ಮನೆಗೆ ಬಂದ ನೆಂಟನಿಗೆ ನೀರಿಗೂ ದುಡ್ಡೇ?” ಎಂದು ನಮ್ಮಲ್ಲಿ ಕೇಳಿದಳು. ಉತ್ತರ ಮರುದಿನ ಬೆಳಿಗ್ಗೆ ಕಿಟಕಿಯಲ್ಲಿಯೇ ದೊರೆಯಿತು. ಊರ ಬಾಗಿಲಿನ ಮೆಟ್ಟಿಲುಗಳ ಮೇಲೆ ಒಬ್ಬನ ಹಿಂದೆ ಒಬ್ಬರಂತೆ ಹೊರೆಯಾಳುಗಳು ಏರಿ ಬರುತ್ತಿದ್ದರು. ಬೆನ್ನಿನ ಮೇಲೆ ಡೋಕೋ ಎಂಬ ಬಿದಿರ ಬುಟ್ಟಿ. ಅದರ ಭಾರವನ್ನೆಲ್ಲ ಹಣೆಗೆ ಹಾಯಿಸುವ ನಾಮ್ಲೋ ಎಂಬ ಪಟ್ಟಿ. ಕೈಯಲ್ಲಿ ಟೋಕ್ಮಾ ಎಂಬ ಗಿಡ್ಡ ಊರುಗೋಲು. ಪ್ರತಿ ನೂರಿನ್ನೂರು ಹೆಜ್ಜೆಗೆ ಬುಟ್ಟಿಯನ್ನು ಆ ಕೋಲಿನ ಮೇಲೆ ಊರಿ, ನಿಂತೇ ದಣಿವಾರಿಸಿಕೊಂಡು, ಮತ್ತೆ ನಡೆಯುತ್ತಾರೆ. ಒಬ್ಬನ ಬೆನ್ನ ಮೇಲೆ ಅಡುಗೆ ಅನಿಲದ ಎರಡು ಸಿಲಿಂಡರುಗಳಿದ್ದವು. ತುಂಬಿದ ಒಂದು ಸಿಲಿಂಡರ್ ಮೂವತ್ತು ಕಿಲೋ ತೂಗುತ್ತದೆ. ಇದು 1976ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ ಸೀಮೆ. ಯಾತ್ರಿಕರ ಒಲೆಗಾಗಿ ಇಲ್ಲಿ ಮರ ಕಡಿಯುವಂತಿಲ್ಲ. ಆದುದರಿಂದ ನೀರು ಕಾಯಿಸುವ ಅನಿಲವೂ ಕೆಳಗಿನಿಂದಲೇ ಬರಬೇಕು, ಹೋರಿಯ ಬೆನ್ನ ಮೇಲೋ ಹೇಸರಗತ್ತೆಯ ಬೆನ್ನ ಮೇಲೋ ಮನುಷ್ಯನ ಬೆನ್ನ ಮೇಲೋ.

2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ದಾರಿಯ ಹೊರೆಯಾಳುಗಳನ್ನು ಕುರಿತ ಒಂದು ಅಧ್ಯಯನ ಪ್ರಕಟವಾಯಿತು. ಸಂತೆಗಾಗಿ ನಾಮ್ಚೆಗೆ ಬರುತ್ತಿದ್ದ ಗಂಡಸರು ಸರಾಸರಿಯಲ್ಲಿ ತಮ್ಮ ಮೈತೂಕದ ನೂರಕ್ಕೆ 93ರಷ್ಟು ಭಾರವನ್ನೂ, ಹೆಂಗಸರು ನೂರಕ್ಕೆ 66ರಷ್ಟು ಭಾರವನ್ನೂ ಹೊತ್ತಿದ್ದರೆಂದು ಅದರಲ್ಲಿ ದಾಖಲಾಗಿದೆ. ಈ ಲೆಕ್ಕ ತಿಳಿದವರಿಗೆ ದರಪಟ್ಟಿ ಬೇರೆಯೇ ರೀತಿಯಲ್ಲಿ ಕಾಣುತ್ತದೆ. ಅಲ್ಲಿ ಬರೆದಿರುವುದು ನೀರಿನ ಬೆಲೆಯಲ್ಲ, ಏರಿನ ಬೆಲೆ. ಊರು ಎತ್ತರವಾದಂತೆ ಅದೇ ಅನ್ನದ ತಟ್ಟೆಯ ದರ ಏರುವುದೂ ಇದೇ ಕಾರಣದಿಂದ. ಅಕ್ಕ ಆಮೇಲೆ ಬಿಸಿನೀರಿನ ಮಾತೆತ್ತಲಿಲ್ಲ. ಎರಡು ದಿನಕ್ಕೊಮ್ಮೆ ಅರ್ಧ ಬಕೆಟ್ಟಿನಲ್ಲಿ ಕೈಕಾಲು ತೊಳೆದುಕೊಂಡು ಸುಮ್ಮನಾದಳು.

ನಮ್ಮ ಹೊರೆಯಾಳು ಶೇರ್ಪಾ ಅಲ್ಲ, ಕೆಳಸೀಮೆಯ ರಾಯಿ ಜನಾಂಗದ ತರುಣ. ಹೊರಗಿನವರು ಬೆಟ್ಟದಲ್ಲಿ ಹೊರೆ ಹೊರುವ ಎಲ್ಲರನ್ನೂ ಶೇರ್ಪಾ ಎಂದೇ ತಿಳಿಯುವುದುಂಟು. ವಾಸ್ತವದಲ್ಲಿ ಇವರಲ್ಲಿ ಬಹಳ ಮಂದಿ ರಾಯಿ, ತಮಾಂಗ್, ಮಗರ್ ಜನಾಂಗಗಳ ಬಡ ರೈತರು. ತಗ್ಗಿನ ಹಳ್ಳಿಗಳಿಂದ ಬಂದ ಇವರಿಗೂ ಎತ್ತರದ ಬಾಧೆ ನಮಗೆ ತಟ್ಟುವಂತೆಯೇ ತಟ್ಟುತ್ತದೆ. ಹಿಂದೆ ಕಾಯಿಲೆ ಬಿದ್ದ ಹೊರೆಯಾಳಿಗೆ ಕೂಲಿ ಚುಕ್ತಾ ಮಾಡಿ ಒಂಟಿಯಾಗಿ ಕೆಳಗೆ ಕಳುಹಿಸಿಬಿಡುವ ಕ್ರೂರ ಪದ್ಧತಿಯಿತ್ತು. ಹಾಗೆ ಪ್ರಾಣ ಕಳೆದುಕೊಂಡವರಿದ್ದಾರೆ. ಇಂಥದೊಂದು ಸಾವಿನ ಬಳಿಕ, 1997ರಲ್ಲಿ, ಹೊರೆಯಾಳುಗಳ ರಕ್ಷಣೆಗಾಗಿಯೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿಕೊಂಡಿತು. ಆದಕಾರಣ ನಾವು ಹೊರಡುವ ಮೊದಲೇ ಮೂರು ವಿಷಯ ವಿಚಾರಿಸಿಕೊಂಡಿದ್ದೆವು: ಅವನ ಕಾಲಿಗೆ ಸರಿಯಾದ ಬೂಟು ಇದೆಯೇ, ರಾತ್ರಿ ಮಲಗಲು ಬೆಚ್ಚನೆಯ ಜಾಗ ಎಲ್ಲಿ, ಅವನ ಹೆಸರಿನಲ್ಲಿ ವಿಮೆಯಿದೆಯೇ. ನಾಲ್ವರ ಸಾಮಾನೂ ಸೇರಿ ಅವನ ಹೊರೆ ಇಪ್ಪತ್ತೈದು ಕಿಲೋ ಮೀರದಂತೆ ನೋಡಿಕೊಂಡೆವು. ಉಳಿದುದನ್ನು ನಮ್ಮ ಹೆಗಲಿಗೇ ಹಾಕಿಕೊಂಡೆವು.

ನಾಮ್ಚೆಯಲ್ಲಿ ಎಲ್ಲರೂ ಒಂದು ದಿನ ಹೆಚ್ಚಾಗಿ ನಿಲ್ಲುತ್ತಾರೆ. ಅದು ಸೋಮಾರಿತನವಲ್ಲ, ಚಿಕಿತ್ಸೆ. ಅಲ್ಲಿ ನಾವು ಎಳೆಯುವ ಒಂದೊಂದು ಉಸಿರಿನಲ್ಲೂ ಕಡಲಕರೆಯಲ್ಲಿ ದೊರೆಯುವ ಪ್ರಾಣವಾಯುವಿನ ಮೂರರಲ್ಲಿ ಎರಡು ಪಾಲು ಮಾತ್ರ ಇರುತ್ತದೆ. ದೇಹ ಇದಕ್ಕೆ ಒಗ್ಗಿಕೊಳ್ಳಲು ಕಾಲ ಬೇಕು. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರುನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂಬುದು ವೈದ್ಯರ ನಿಯಮ. ಹಗಲಿನಲ್ಲಿ ಮೇಲೆ ಹತ್ತಿ, ರಾತ್ರಿ ಕೆಳಗೆ ಬಂದು ಮಲಗುವುದು ಇನ್ನೂ ಒಳ್ಳೆಯದು. ಹಾಗೆಂದು ಆ ದಿನ ನಾವು ಮೇಲಿನ ಖುಂಜುಂಗ್, ಖುಂಡೆ ಗ್ರಾಮಗಳಿಗೆ ನಿಧಾನವಾಗಿ ಹೋಗಿ ಬಂದೆವು. 1953ರ ಮೇ 29ರಂದು ತೇನ್‌ಸಿಂಗರೊಡನೆ ಎವರೆಸ್ಟ್ ಏರಿದ ಹಿಲರಿಯವರು ಆ ಬಳಿಕ ಈ ಜನಕ್ಕೆ ಏನು ಬೇಕೆಂದು ಕೇಳಿ, 1961ರಲ್ಲಿ ಖುಂಜುಂಗಿನಲ್ಲಿ ಶಾಲೆಯನ್ನೂ, 1966ರಲ್ಲಿ ಖುಂಡೆಯಲ್ಲಿ ಆಸ್ಪತ್ರೆಯನ್ನೂ ಕಟ್ಟಿಸಿಕೊಟ್ಟರು. ಅಯೋಡಿನ್ ಕೊರತೆಯಿಂದ ಮನೆಮನೆಯಲ್ಲೂ ಇದ್ದ ಗಳಗಂಡದ ರೋಗವನ್ನು ಹಿಮ್ಮೆಟ್ಟಿಸಿದ್ದು ಈ ಆಸ್ಪತ್ರೆಯ ದೊಡ್ಡ ಸಾಧನೆ. ಯಾತ್ರಿಕನಿಗೆ ಆಸರೆಯಾಗಿರುವ ಆಸ್ಪತ್ರೆ ಮೊದಲು ಊರವರಿಗಾಗಿ ಹುಟ್ಟಿತೆಂಬುದನ್ನು ನಾವು ಮರೆಯಬಾರದು. ಆ ಏರಿನ ಮೇಲಿಂದಲೇ ಭಾವ ಎವರೆಸ್ಟಿನ ತುದಿಯನ್ನು ಮೊದಲ ಬಾರಿ ಕಂಡರು. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಮರುದಿನ 3,867 ಮೀಟರ್ ಎತ್ತರದ ತೆಂಗ್ಬೋಚೆ ಮಠಕ್ಕೆ ನಡೆದೆವು. ನಿಯಮದಂತೆಯೇ ಏರಿದ್ದೆವು. ಆದರೆ ನಿಯಮ ಪಾಲಿಸಿದವರಿಗೂ ಎತ್ತರ ಒಮ್ಮೊಮ್ಮೆ ಒಗ್ಗುವುದಿಲ್ಲ. ವಯಸ್ಸಾಗಲಿ ದೇಹಬಲವಾಗಲಿ ಅದಕ್ಕೆ ಕಾರಣವಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಭಾವನಿಗೆ ತಲೆನೋವು ಬಂದಿತು. ಗುಳಿಗೆ ನುಂಗಿದರೂ ಇಳಿಯಲಿಲ್ಲ. ನಾಲ್ಕಕ್ಕೆ ವಾಂತಿಯಾಯಿತು. ಅಲ್ಲಿನ ವಸತಿಗೃಹದ ಮುದುಕಿ ಅವರನ್ನು ಅಂಗಳಕ್ಕೆ ಕರೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯುವಂತೆ ಹೇಳಿದರು. ಭಾವ ತೂರಾಡದೆ ನಡೆದರು. ಮಿದುಳಿಗೆ ನೀರು ತುಂಬುವ ಘೋರ ಸ್ಥಿತಿ ಇನ್ನೂ ಬಂದಿಲ್ಲವೆಂದು ಅದರ ಅರ್ಥ. ಆದರೂ ಮುದುಕಿ ಹೇಳಿದ ಮಾತು ಒಂದೇ: “ರಾತ್ರಿಯಾಗುವ ತನಕ ಕಾಯಬೇಡಿ. ಬೆಳಕಿರುವಾಗಲೇ ಇಳಿಯಿರಿ.”

ಭಾವ ಒಪ್ಪಲಿಲ್ಲ. “ಒಂದು ನಿದ್ದೆ ತೆಗೆದರೆ ಸರಿಯಾದೀತು. ನನ್ನೊಬ್ಬನಿಗಾಗಿ ನೀವೆಲ್ಲ ಯಾಕೆ ಹಿಂತಿರುಗಬೇಕು? ನಾಳೆ ಬೆಳಿಗ್ಗೆ ಇಲ್ಲಿಂದಲೇ ಶಿಖರ ಚೆನ್ನಾಗಿ ಕಾಣುತ್ತದಂತೆ” ಎಂದರು. ಮೂವತ್ತು ವರ್ಷದ ಆಸೆಯ ಮುಂದೆ ಮಾತು ಹೂಡುವುದು ನಮಗೆ ಸುಲಭವಿರಲಿಲ್ಲ. ಅಕ್ಕ ಮಾತ್ರ ವಾದಕ್ಕೆ ಇಳಿಯಲಿಲ್ಲ. ಅವರ ಬೂಟುಗಳನ್ನು ತಂದು ಮುಂದಿಟ್ಟು, “ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಏಳಿ” ಎಂದಳು. ಅಷ್ಟರಲ್ಲಿ ನಮ್ಮ ತರುಣ ಹೊರೆ ಕಟ್ಟಿ ಸಿದ್ಧನಾಗಿದ್ದ. ಮುದುಕಿ ಕೊಠಡಿಯ ಬಾಡಿಗೆ ತೆಗೆದುಕೊಳ್ಳಲಿಲ್ಲ. ಚಹಾದ ಲೆಕ್ಕ ಮಾತ್ರ ಮಾಡಿ, ದಾರಿಗೆಂದು ಬಿಸಿನೀರು ತುಂಬಿಸಿ ಕೊಟ್ಟರು.

ತೆಂಗ್ಬೋಚೆಯಿಂದ ನದಿದಡದ ಫುಂಕಿ ತೆಂಗಾಗೆ ಆರುನೂರು ಮೀಟರುಗಳ ಇಳಿಜಾರು. ತರುಣ ಭಾವನ ಮುಂದೆ ಒಂದೇ ಹೆಜ್ಜೆಯ ಅಂತರದಲ್ಲಿ ನಡೆದ. ಜಾರುವ ಕಡೆಗಳಲ್ಲೆಲ್ಲ ತನ್ನ ಊರುಗೋಲನ್ನು ಮೆಟ್ಟಿಲಿನಂತೆ ಅಡ್ಡ ಹಿಡಿದು, “ವಿಸ್ತಾರೈ, ದಾಯಿ, ವಿಸ್ತಾರೈ” ಎನ್ನುತ್ತಿದ್ದ. ನಿಧಾನವಾಗಿ, ಅಣ್ಣಾ, ನಿಧಾನವಾಗಿ ಎಂದು ಅರ್ಥ. ಕತ್ತಲೆ ಮುಸುಕುವ ಹೊತ್ತಿಗೆ ಸೇತುವೆಯ ಬಳಿಯ ಚಹಾದಂಗಡಿ ಸೇರಿದೆವು. ರಾತ್ರಿ ಒಂಬತ್ತಕ್ಕೆ ಭಾವ ಗಂಜಿ ಕೇಳಿದರು. ಎತ್ತರದ ಬಾಧೆಗೆ ಇಳಿಯುವುದೇ ಮೊದಲ ಔಷಧ, ಉಳಿದವೆಲ್ಲ ಅದರ ಹಿಂದಿನವು ಎಂಬ ಮಾತನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಅಂದು ಎದುರಿಗೇ ಕಂಡೆವು.

ಅಲ್ಲಿ ಒಂದು ದಿನ ಪೂರ್ತಿ ನಿಂತು, ತಲೆನೋವು ಸಂಪೂರ್ಣ ಬಿಟ್ಟ ಮೇಲೆ ನಾಮ್ಚೆಗೆ ಮರಳಿದೆವು. ಅಲ್ಲಿ ಒಬ್ಬ ದಲ್ಲಾಳಿ ನಮ್ಮ ಸುದ್ದಿ ತಿಳಿದು ಬಂದ. ಅವನು ಕೇಳಿದ ಮೊದಲ ಪ್ರಶ್ನೆ ರೋಗಿ ಹೇಗಿದ್ದಾರೆಂಬುದಲ್ಲ, ವಿಮೆ ಇದೆಯೇ ಎಂಬುದು. ಹೆಲಿಕಾಪ್ಟರಿನಲ್ಲಿ ಕಾಠ್ಮಂಡುವಿಗೆ ಒಯ್ಯಬೇಕು, ಇಲ್ಲವಾದರೆ ಅಪಾಯ, ಎಲ್ಲ ಕಾಗದಪತ್ರ ತಾನೇ ನೋಡಿಕೊಳ್ಳುವೆನೆಂದು ಒತ್ತಾಯಿಸಿದ. ಚಿಕಿತ್ಸಾಲಯದಲ್ಲಿ ಭಾವನ ಬೆರಳಿಗೆ ಯಂತ್ರ ಸಿಕ್ಕಿಸಿ ರಕ್ತದ ಪ್ರಾಣವಾಯು ಅಳೆದು, ಎದೆ ಪರೀಕ್ಷಿಸಿ, ನಡೆದೇ ಇಳಿಯಬಹುದೆಂದು ಹೇಳಿದ ಬಳಿಕ ಅವನು ಕಾಣಿಸಿಕೊಳ್ಳಲಿಲ್ಲ. ಅಗತ್ಯವಿಲ್ಲದವರನ್ನು ಹೆಲಿಕಾಪ್ಟರಿಗೆ ಹತ್ತಿಸಿ ವಿಮೆಯ ಹಣ ಹಂಚಿಕೊಳ್ಳುವ ಜಾಲ 2018ರಲ್ಲಿಯೇ ಬಯಲಿಗೆ ಬಂದು, ನೇಪಾಳ ಸರಕಾರ ತನಿಖೆ ನಡೆಸಿತ್ತು. ಹೆಲಿಕಾಪ್ಟರಿನಿಂದ ಉಳಿದ ಜೀವಗಳು ನೂರಾರು. ಸುಳ್ಳು ಕರೆಗಳು ಅಂಥ ಜೀವಗಳಿಗೇ ಮುಳುವಾಗುತ್ತವೆ. ಬಾಡಿಗೆ ಬಿಟ್ಟುಕೊಟ್ಟು “ಇಳಿಯಿರಿ” ಎಂದ ಮುದುಕಿಯೂ, “ಹಾರಿರಿ” ಎಂದ ದಲ್ಲಾಳಿಯೂ ಒಂದೇ ದಾರಿಯ ಮೇಲೆ ಬದುಕುವವರು. ಸೇವೆ ಯಾವುದು, ಸುಲಿಗೆ ಯಾವುದು ಎಂಬುದು ದರದಿಂದ ತಿಳಿಯುವುದಿಲ್ಲ. ನಮಗೆ ಹಿತವಾದುದನ್ನು ಹೇಳುವಾಗ ತನಗೆ ನಷ್ಟವಾದರೂ ಹೇಳುವವರು ಯಾರೆಂಬುದರಿಂದ ತಿಳಿಯುತ್ತದೆ.

ಹೋಗಬೇಕೆಂದಿರುವ ಓದುಗರಿಗಾಗಿ ನಾಲ್ಕು ಮಾತು. ಲುಕ್ಲಾದ ಮಂಜು ಯಾರ ಮಾತನ್ನೂ ಕೇಳುವುದಿಲ್ಲ. ಮರಳುವ ರೈಲಿಗೋ ವಿಮಾನಕ್ಕೋ ಮೊದಲು ಎರಡುಮೂರು ದಿನ ಕೈಯಲ್ಲಿಟ್ಟುಕೊಳ್ಳಿರಿ. 1993ರಿಂದ ಭಾರತದ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿ ಎಂಬ ದರ ನಿಂತಿದೆ. ಮಾರ್ಗಕ್ಕೆ ಬೇಕಾದ ನೇಪಾಳಿ ನೋಟುಗಳನ್ನು ನಾಮ್ಚೆ ಬಿಡುವ ಮೊದಲೇ ಕೂಡಿಸಿಕೊಳ್ಳಿರಿ. ಎತ್ತರದ ಬಾಧೆಗೆ ಕೊಡುವ ಅಸೆಟಜೋಲಮೈಡ್ ಗುಳಿಗೆಯನ್ನು ಊರಿನಲ್ಲಿಯೇ ವೈದ್ಯರನ್ನು ಕೇಳಿ ಒಯ್ಯಿರಿ. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ತಿಳಿಸಬೇಕು. ತಲೆನೋವನ್ನು ಬಚ್ಚಿಡಬೇಡಿರಿ. ನಮ್ಮ ಕಡೆಯವರಿಗೆ ದಾಲ್-ಭಾತ್ ಪರಕೀಯವಲ್ಲ. ಕೇಳಿದರೆ ಎರಡನೆಯ ಸಲವೂ ಬಡಿಸುತ್ತಾರೆ. ಇಳಿಯುವಾಗ ನಾಮ್ಚೆಯ ಬಳಿ ಒಂದು ಕಿಲೋ ಕಸದ ಪುಟ್ಟ ಚೀಲವನ್ನು ಯಾತ್ರಿಕರ ಕೈಗೆ ಕೊಟ್ಟು ಲುಕ್ಲಾಗೆ ತಲುಪಿಸಲು ಕೋರುವ ಏರ್ಪಾಡಿದೆ. ನಾವು ನಾಲ್ವರೂ ಒಂದೊಂದು ಹೊತ್ತೆವು. ಆ ದಾರಿಯಲ್ಲಿ ಒಂದು ಕಿಲೋ ಎಂದರೆ ಎಷ್ಟೆಂದು ಅರಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ನಾವು ಮರಳಿದ ಮುಂದಿನ ವರ್ಷ, 2024ರ ಆಗಸ್ಟ್ 16ರಂದು, ಮೇಲಿನ ಹಿಮಸರೋವರ ಒಡೆದು ಥಾಮೆ ಗ್ರಾಮಕ್ಕೆ ಪ್ರವಾಹ ನುಗ್ಗಿತು. ಮನೆಗಳೂ ಶಾಲೆಯೂ ಆರೋಗ್ಯ ಕೇಂದ್ರವೂ ಕೊಚ್ಚಿಹೋದವು. ಪತ್ರಿಕೆಯಲ್ಲಿ ಸುದ್ದಿ ಓದಿದ ಭಾವ ತರುಣನಿಗೆ ಫೋನು ಮಾಡಿಸಿದರು. ಅವನು ಕ್ಷೇಮವಾಗಿದ್ದ, ಸಿಮೆಂಟು, ತಗಡು ಮೇಲೆ ಸಾಗಿಸುವ ಕೆಲಸ ಸಿಕ್ಕಿದೆ ಎಂದ. ಹೊರೆ ಎಷ್ಟೆಂದು ಭಾವ ವಿಚಾರಿಸಿದರು. ಐವತ್ತು ಕಿಲೋ ಎಂದು ಉತ್ತರ ಬಂದಿತು. ಭೂಗೋಳದ ಮಾಸ್ತರರು ಫೋನು ಕೆಳಗಿಟ್ಟು, “ಎವರೆಸ್ಟಿನ ಎತ್ತರ 8,848 ಮೀಟರ್ ಎಂದು ಮಕ್ಕಳಿಗೆ ಹೇಳಿಕೊಟ್ಟೆ. ಅಷ್ಟೆತ್ತರಕ್ಕೆ ಹೋಗುವ ಒಂದೊಂದು ಚಮಚ ಉಪ್ಪನ್ನೂ ಯಾರೋ ಹೊರುತ್ತಾರೆಂದು ಹೇಳಿಕೊಡಲಿಲ್ಲ” ಎಂದರು.